ಇಪ್ಪತ್ತೊಂದು ಅಂಕಿಗಳ ಒಂದು ಸಂಖ್ಯೆ

147573952589676412927. ಎರಡರ 67ನೇ ಘಾತದಿಂದ ಒಂದನ್ನು ಕಳೆದರೆ ಸಿಗುವ ಸಂಖ್ಯೆ ಇದು. ಫ್ರಾನ್ಸಿನ ಸನ್ಯಾಸಿ ಮರ್ಸೆನ್ 1644ರಲ್ಲಿ ಇದನ್ನು ಅವಿಭಾಜ್ಯಗಳ ಪಟ್ಟಿಗೆ ಸೇರಿಸಿದ. ಆ ಪಟ್ಟಿಯಲ್ಲಿ ತಪ್ಪುಗಳಿದ್ದವು. ಆದರೆ ಅವನ್ನು ತಿದ್ದುವ ಹಟದಿಂದಲೇ ಸಂಖ್ಯಾಸಿದ್ಧಾಂತದ ಒಂದು ಕವಲು ಬೆಳೆಯಿತು.

ಮೊದಲಿಗೆ ಇದ್ದದ್ದು ಭಾಗಿಸಿ ನೋಡುವ ದಾರಿ ಮಾತ್ರ. ಇಂಥ ಸಂಖ್ಯೆಯ ಅಪವರ್ತನವನ್ನು ಎಲ್ಲೆಂದರಲ್ಲಿ ಹುಡುಕಬೇಕಾಗಿಲ್ಲ, ಅದರಿಂದ ಒಂದನ್ನು ಕಳೆದರೆ 67ರ ಎರಡರಷ್ಟರಿಂದ, ಅಂದರೆ 134ರಿಂದ, ಶೇಷವಿಲ್ಲದೆ ಭಾಗವಾಗಬೇಕು. ಇಂಥದೇ ನಿಯಮಗಳನ್ನು ಹಿಡಿದು ಆಯ್ಲರ್ 1772ರಲ್ಲಿ 2147483647 ಅವಿಭಾಜ್ಯವೆಂದು ತೋರಿಸಿದ.

ದೊಡ್ಡ ತಿರುವು ಬಂದದ್ದು 1876ರಲ್ಲಿ. ಅಪವರ್ತನ ಹುಡುಕದೆಯೇ ಪರೀಕ್ಷಿಸುವ ಉಪಾಯವನ್ನು ಎದುವಾರ್ ಲ್ಯೂಕಾ ಕಂಡುಕೊಂಡ; 1930ರ ಹೊತ್ತಿಗೆ ಲೆಹ್ಮರ್ ಅದನ್ನು ಒಪ್ಪ ಮಾಡಿದರು. 4ರಿಂದ ಆರಂಭಿಸಿ, ವರ್ಗ ಮಾಡಿ 2 ಕಳೆಯಿರಿ, ಪರೀಕ್ಷಿಸುವ ಸಂಖ್ಯೆಯಿಂದ ಭಾಗಿಸಿ ಶೇಷ ಇಟ್ಟುಕೊಂಡು ಮತ್ತೆ ಅದನ್ನೇ ಮಾಡಿ. 31ಕ್ಕೆ ಬರುವುದು 4, 14, 8, 0. ಕೊನೆಗೆ ಸೊನ್ನೆ ಬಂದರೆ ಅವಿಭಾಜ್ಯ, ಬಾರದಿದ್ದರೆ ಅಲ್ಲ. ಗಣಿತದಲ್ಲಿ ಇಷ್ಟು ಸರಳವೂ ಇಷ್ಟು ಬಲವುಳ್ಳದ್ದೂ ಆದ ಪರೀಕ್ಷೆಗಳು ವಿರಳ. ಮರ್ಸೆನ್ ಹೇಳಿದ್ದು ತಪ್ಪು, ನಮ್ಮ 21 ಅಂಕಿಯ ಸಂಖ್ಯೆ ಒಡೆಯುತ್ತದೆ ಎಂದು ಲ್ಯೂಕಾ ತೋರಿಸಿದ. ಯಾವುದರಿಂದ ಒಡೆಯುತ್ತದೆ ಎಂದು ಮಾತ್ರ ಅವನಿಗೂ ಗೊತ್ತಿರಲಿಲ್ಲ.

ಉತ್ತರ ಸಿಕ್ಕಿದ್ದು 1903ರ ಅಕ್ಟೋಬರ್‌ನಲ್ಲಿ, ನ್ಯೂಯಾರ್ಕ್‌ನ ಗಣಿತ ಸಭೆಯಲ್ಲಿ. ಫ್ರಾಂಕ್ ನೆಲ್ಸನ್ ಕೋಲ್ ಮುಂದಿಟ್ಟ ಗುಣಲಬ್ಧ: 193707721 × 761838257287. ಕೋಲ್ ಒಂದೂ ಮಾತಾಡದೆ ಕಪ್ಪುಹಲಗೆಯ ಮೇಲೆ ಗುಣಿಸಿ ತೋರಿಸಿ ಕುಳಿತರು ಎಂಬುದು ಇ. ಟಿ. ಬೆಲ್ ಬರೆದ ಕಥೆ, ಬಣ್ಣ ಕಟ್ಟಿರಬಹುದು. ಗುಣಲಬ್ಧಕ್ಕೆ ಆ ಬಣ್ಣ ಬೇಕಿಲ್ಲ. ಅದನ್ನು ಯಾರು ಬೇಕಾದರೂ ಕಾಗದದ ಮೇಲೆ ತಾಳೆ ನೋಡಬಹುದು.

ಒಡೆಯುತ್ತದೆ ಎಂದು ತಿಳಿಯುವುದು ಬೇರೆ, ಒಡೆದು ತೋರಿಸುವುದು ಬೇರೆ. ಈ ಕ್ಷೇತ್ರದ ಮುಂದಿನ ಇತಿಹಾಸವೆಲ್ಲ ಈ ಅಂತರದ್ದೇ ಎಂದು ನನ್ನ ಅಭಿಪ್ರಾಯ. ಪರೀಕ್ಷೆ ವೇಗವಾಗಿ ಬೆಳೆಯಿತು: 1952ರಲ್ಲಿ ರಾಬಿನ್ಸನ್ ಗಣಕಯಂತ್ರದಿಂದ ಐದು ಹೊಸ ಮರ್ಸೆನ್ ಅವಿಭಾಜ್ಯಗಳನ್ನು ಕಂಡರು, 2024ರಲ್ಲಿ ಸಿಕ್ಕಿದ್ದಕ್ಕೆ 4,10,24,320 ಅಂಕಿಗಳು. ಯಾವುದೇ ಸಂಖ್ಯೆಗೂ ಒಪ್ಪುವ, ಊಹೆಗಳ ಆಸರೆಯಿಲ್ಲದ ದಕ್ಷ ಪರೀಕ್ಷೆಯನ್ನು 2002ರಲ್ಲಿ ಕೊಟ್ಟವರು ಕಾನ್ಪುರ ಐಐಟಿಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ. ನಮ್ಮ ನೆಲದ ಈ ಸಾಧನೆಯನ್ನು ಕಾಲೇಜು ತರಗತಿಗಳಲ್ಲಿ ಇನ್ನೂ ಹೆಚ್ಚು ಹೇಳಿಕೊಡಬೇಕು.

ಒಡೆಯುವ ಕೆಲಸ ಹಿಂದೆಯೇ ಉಳಿಯಿತು. ಆ ಕಷ್ಟವನ್ನೇ ಬೀಗವಾಗಿಸಿ 1977ರಲ್ಲಿ ಆರ್‌ಎಸ್‌ಎ ಗೂಢಲಿಪಿ ಬಂತು. ಅದರ ಸವಾಲುಗಳಲ್ಲಿ 250 ಅಂಕಿಯದು ಒಡೆದದ್ದು 2020ರಲ್ಲಿ, ಅದೂ ಅಪಾರ ಗಣಕಬಲ ಸುರಿದ ಮೇಲೆ. ಕ್ವಾಂಟಂ ಗಣಕ ಇದನ್ನು ಸುಲಭ ಮಾಡಬಲ್ಲದೆಂದು ಪೀಟರ್ ಶೋರ್ 1994ರಲ್ಲೇ ತೋರಿಸಿದ್ದಾರೆ. ಆದರೆ ಸಾಮಾನ್ಯ ಗಣಕಗಳಿಗೆ ಈ ಕೆಲಸ ನಿಜಕ್ಕೂ ಕಷ್ಟವೇ, ಅಥವಾ ಸುಲಭದ ದಾರಿ ನಮಗಿನ್ನೂ ಹೊಳೆದಿಲ್ಲವೇ ಎಂಬುದನ್ನು ಇಂದಿಗೂ ಯಾರೂ ಸಾಧಿಸಿಲ್ಲ.