ಪಿಯರ್‌ಟ್ಯೂಬ್‌ಗೆ ಹಾಕಿದ ವಿಡಿಯೊ ಕಾಣುತ್ತಿಲ್ಲವೇ? ಎಲ್ಲಿ ನಿಂತಿದೆ ಎಂದು ಹುಡುಕುವುದು ಹೀಗೆ

ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಓದು ಬರಹ ಕಲಿತವರಲ್ಲ. ಆದರೂ ಸಾವಿರಾರು ಪದಗಳು ಅವರ ನೆನಪಿನಲ್ಲಿದ್ದವು. ಕೇಳಿದವರು ದಾಖಲಿಸಿಕೊಂಡಿದ್ದರಿಂದಲೇ ಅವುಗಳಲ್ಲಿ ಹಲವು ನಮಗೆ ಉಳಿದಿವೆ. ಇಂದು ಅಂಥ ಹಾಡುಗಾರರ ಪದವನ್ನಾಗಲಿ, ಮೊಳಕಾಲ್ಮುರಿನ ರೇಷ್ಮೆ ಸೀರೆ ನೇಯುವವರ ಕೈಚಳಕವನ್ನಾಗಲಿ ದಾಖಲಿಸಲು ಒಂದು ಮೊಬೈಲ್ ಸಾಕು. ತೊಂದರೆ ಶುರುವಾಗುವುದು ಅದನ್ನು ಅಂತರಜಾಲಕ್ಕೆ ಸೇರಿಸುವಾಗ. ಪರದೆಯ ಮೇಲೆ ‘100%’ ಎಂದು ಕಂಡ ತಕ್ಷಣ ಕೆಲಸ ಮುಗಿಯಿತೆಂದು ನಂಬಿ, ಜಾಗ ಉಳಿಸಲು ಫೋನಿನಲ್ಲಿರುವ ಮೂಲ ವಿಡಿಯೊವನ್ನು ಅಳಿಸಿಬಿಟ್ಟರೆ ಆ ದಾಖಲೆಯೇ ಕೈತಪ್ಪಬಹುದು.

ಪಿಯರ್‌ಟ್ಯೂಬ್ ಎಂದರೇನು?

ಫ್ರಾನ್ಸಿನ ಫ್ರಾಮಾಸಾಫ್ಟ್ ಎಂಬ ಲಾಭರಹಿತ ಸಂಸ್ಥೆ ರೂಪಿಸುತ್ತಿರುವ ಮುಕ್ತ ತಂತ್ರಾಂಶ ಇದು. ಇದರ 1.0 ಆವೃತ್ತಿ ಅಕ್ಟೋಬರ್ 2018ರಲ್ಲಿ ಬಂತು. ಯೂಟ್ಯೂಬ್ ಒಂದೇ ಕಂಪನಿಯ ಕೈಯಲ್ಲಿದೆ, ಪಿಯರ್‌ಟ್ಯೂಬ್ ಹಾಗಲ್ಲ. ಯಾರು ಬೇಕಾದರೂ ತಮ್ಮ ಸರ್ವರ್‌ನಲ್ಲಿ ಇದನ್ನು ಸ್ಥಾಪಿಸಿ ತಮ್ಮದೇ ವಿಡಿಯೊ ತಾಣ ನಡೆಸಬಹುದು. ಬ್ಲೆಂಡರ್, ಡೆಬಿಯನ್ ಯೋಜನೆಗಳಿಗೆ ಇಂಥ ತಾಣಗಳಿವೆ. ಬೇರೆ ಬೇರೆ ಕಂಪನಿಗಳ ಇಮೇಲ್ ಒಂದಕ್ಕೊಂದು ತಲುಪುವಂತೆ, ಈ ತಾಣಗಳೂ ‘ಆಕ್ಟಿವಿಟಿಪಬ್’ ಎಂಬ ಸಾಮಾನ್ಯ ನಿಯಮದ ಮೂಲಕ ಮಾಹಿತಿ ಹಂಚಿಕೊಳ್ಳುತ್ತವೆ.

ಇದರಲ್ಲಿ ಅಪ್‌ಲೋಡ್ ಎಂದರೆ ಒಂದೇ ಕೆಲಸವಲ್ಲ, ನಾಲ್ಕು ಹಂತಗಳು. ವಿಡಿಯೊ ಕಾಣದಿದ್ದರೆ ಮತ್ತೆ ಮೊದಲಿನಿಂದ ಹಾಕುವ ಬದಲು ಯಾವ ಹಂತದಲ್ಲಿ ನಿಂತಿದೆ ಎಂದು ನೋಡೋಣ.

1. ಕಡತ ಸರ್ವರ್‌ಗೆ ತಲುಪುವುದು

ಮೊಬೈಲಿನಲ್ಲಿ 1080ಪಿ ಗುಣಮಟ್ಟದ ಒಂದು ನಿಮಿಷದ ವಿಡಿಯೊ ಸಾಮಾನ್ಯವಾಗಿ 60ರಿಂದ 130 ಎಂಬಿ ಇರುತ್ತದೆ. ನಿಮಿಷಕ್ಕೆ 100 ಎಂಬಿ ಎಂದರೂ ಹತ್ತು ನಿಮಿಷಕ್ಕೆ 1 ಜಿಬಿ. ನಮ್ಮ ಸಂಪರ್ಕದ ಅಪ್‌ಲೋಡ್ ವೇಗ 2 ಎಂಬಿಪಿಎಸ್ ಇದ್ದರೆ ಇದು ತಲುಪಲು ಒಂದು ಗಂಟೆಗೂ ಹೆಚ್ಚು ಸಮಯ ಬೇಕು. ಡೌನ್‌ಲೋಡ್ ವೇಗ ಚೆನ್ನಾಗಿದ್ದ ಮಾತ್ರಕ್ಕೆ ಅಪ್‌ಲೋಡ್ ವೇಗವೂ ಚೆನ್ನಾಗಿರುತ್ತದೆ ಎನ್ನುವಂತಿಲ್ಲ. ಎರಡನ್ನೂ ಬೇರೆಬೇರೆಯಾಗಿ ಅಳೆದು ನೋಡಬೇಕು.

ಪಿಯರ್‌ಟ್ಯೂಬ್ ಕಡತವನ್ನು ತುಂಡು ತುಂಡಾಗಿ ಕಳುಹಿಸುತ್ತದೆ. ನಡುವೆ ಸಿಗ್ನಲ್ ಹೋದರೆ ಪುಟವನ್ನು ಮುಚ್ಚದೆ, ಸಂಪರ್ಕ ಬಂದ ಮೇಲೆ ಮರುಪ್ರಯತ್ನಿಸಿ. ಫೋನಿನ ಪರದೆ ಆರಿದಾಗ ಅಥವಾ ಬೇರೆ ಆ್ಯಪ್ ತೆರೆದಾಗ ಬ್ರೌಸರ್ ಕೆಲಸ ನಿಲ್ಲಿಸಬಹುದು. ಹಾಗಾಗಿ ದೊಡ್ಡ ಕಡತಗಳಿಗೆ ಕಂಪ್ಯೂಟರ್ ವಾಸಿ.

ವೇಗ ಚೆನ್ನಾಗಿದ್ದೂ ಕಡತ ನಿರಾಕರಣೆಯಾದರೆ ಮೂರು ಅಂಶ ನೋಡಿ. ಒಂದು, ಖಾತೆಗೆ ಕೊಟ್ಟಿರುವ ಜಾಗ: ತಾಣ ನಡೆಸುವವರು ಒಟ್ಟು ಮಿತಿಯ ಜೊತೆಗೆ ದಿನದ ಮಿತಿಯನ್ನೂ ಇಟ್ಟಿರಬಹುದು. ಎರಡು, ‘413’ ಎಂಬ ದೋಷಸಂಖ್ಯೆ: ಕಳುಹಿಸಿದ್ದು ಸರ್ವರ್ ಒಪ್ಪುವ ಗಾತ್ರಕ್ಕಿಂತ ದೊಡ್ಡದು ಎಂದು ಇದರ ಅರ್ಥ. ಮೂರು, ಕಡತದ ಬಗೆ: ಎಂಪಿ4 ಅನ್ನು ಎಲ್ಲೆಡೆ ಒಪ್ಪುತ್ತಾರೆ, ಎಂಒವಿ, ಎಂಕೆವಿ ಮುಂತಾದವನ್ನು ಕೆಲವು ತಾಣಗಳು ಒಪ್ಪುವುದಿಲ್ಲ.

2. ರೂಪಾಂತರ

ಕಡತ ಪೂರ್ತಿ ತಲುಪಿದ ಮೇಲೆ ಸರ್ವರ್ ಅದನ್ನು ಬೇರೆ ಬೇರೆ ಗುಣಮಟ್ಟದ ಪ್ರತಿಗಳಾಗಿ ಪರಿವರ್ತಿಸುತ್ತದೆ. ‘ಎಫ್‌ಎಫ್‌ಎಂಪೆಗ್’ ಎಂಬ ತಂತ್ರಾಂಶ ಮಾಡುವ ಈ ಕೆಲಸಕ್ಕೆ ಪ್ರೊಸೆಸರ್‌ನ ಶಕ್ತಿ ಬಹಳ ಬೇಕು. ಚಿಕ್ಕ ಸರ್ವರ್ ಆದರೆ ನಮ್ಮ ವಿಡಿಯೊ ಸರದಿಯಲ್ಲಿ ಕಾಯಬೇಕು. ಅಷ್ಟರಲ್ಲಿ ಅದನ್ನೇ ಇನ್ನೊಮ್ಮೆ ಹಾಕಿದರೆ ಸರದಿ ಇನ್ನೂ ಉದ್ದವಾಗುತ್ತದೆ. ‘ನನ್ನ ವಿಡಿಯೊಗಳು’ ಪುಟದಲ್ಲಿ ಸ್ಥಿತಿ ನೋಡಿ. ರೂಪಾಂತರ ವಿಫಲವಾಗಿದೆ ಎಂದಿದ್ದರೆ ಮೂಲ ಕಡತ ಫೋನಿನಲ್ಲಿ ಸರಿಯಾಗಿ ಓಡುತ್ತದೆಯೇ ಎಂದು ಪರೀಕ್ಷಿಸಿ, ಎಚ್.264 ಬಗೆಯ ಎಂಪಿ4 ಆಗಿ ಉಳಿಸಿ ಮತ್ತೆ ಹಾಕಿ.

3. ಪ್ರಕಟಣೆ

ಹಲವರು ಎಡವುವುದು ಇಲ್ಲಿ. ಕಡತ ತಲುಪಿದ ಮೇಲೂ ‘ಪ್ರಕಟಿಸು’ ಗುಂಡಿ ಒತ್ತುವವರೆಗೆ ವಿಡಿಯೊ ಖಾಸಗಿಯಾಗಿಯೇ ಇರುತ್ತದೆ. ನಮಗೆ ಕಾಣುತ್ತದೆ, ಬೇರೆಯವರಿಗೆ ಕಾಣುವುದಿಲ್ಲ. ಕೆಲವು ತಾಣಗಳಲ್ಲಿ ಹೊಸ ವಿಡಿಯೊಗಳನ್ನು ನಿರ್ವಾಹಕರು ನೋಡಿ ಒಪ್ಪಿದ ಮೇಲಷ್ಟೇ ಬಿಡುಗಡೆ ಮಾಡುತ್ತಾರೆ.

4. ಬೇರೆ ತಾಣಗಳಲ್ಲಿ ಕಾಣುವುದು

ನಮ್ಮ ತಾಣದಲ್ಲಿ ಕಾಣುವ ವಿಡಿಯೊ ಇನ್ನೊಂದು ತಾಣದ ಹುಡುಕಾಟದಲ್ಲಿ ಸಿಗದಿದ್ದರೆ ಅಪ್‌ಲೋಡ್ ಕೆಟ್ಟಿದೆ ಎಂದಲ್ಲ. ಆ ತಾಣವಾಗಲಿ ಅಲ್ಲಿನ ಬಳಕೆದಾರರಾಗಲಿ ನಮ್ಮನ್ನು ಅನುಸರಿಸುತ್ತಿಲ್ಲ ಎಂದಷ್ಟೇ ಇರಬಹುದು. ವಿಡಿಯೊದ ಪೂರ್ತಿ ಕೊಂಡಿಯನ್ನು ಅಲ್ಲಿನ ಹುಡುಕುವ ಪೆಟ್ಟಿಗೆಯಲ್ಲಿ ಅಂಟಿಸಿ ನೋಡಿ.

ವಿಕೇಂದ್ರೀಕೃತ ಎಂದರೆ ಎಲ್ಲೆಡೆ ಪ್ರತಿ ಇರುತ್ತದೆಯೇ?

ಇಲ್ಲ. ಇದು ಸಾಮಾನ್ಯವಾದ ತಪ್ಪು ಕಲ್ಪನೆ. ಬೇರೆ ತಾಣಗಳಿಗೆ ಹೋಗುವುದು ಶೀರ್ಷಿಕೆ, ವಿವರಣೆಯಂಥ ಮಾಹಿತಿ. ವಿಡಿಯೊ ಇರುವುದು ನಾವು ಹಾಕಿದ ಸರ್ವರ್‌ನಲ್ಲೇ. ಬೇರೊಂದು ತಾಣದವರು ತಾವಾಗಿ ವ್ಯವಸ್ಥೆ ಮಾಡಿಕೊಂಡಿದ್ದರೆ ಮಾತ್ರ ಅಲ್ಲೂ ಪ್ರತಿ ಇರುತ್ತದೆ. ನೋಡುಗರು ತಮ್ಮತಮ್ಮಲ್ಲೇ ವಿಡಿಯೊದ ತುಂಡುಗಳನ್ನು ಹಂಚಿಕೊಳ್ಳುವ ಸೌಲಭ್ಯ ನೋಡುವಾಗಿನ ಹೊರೆಯನ್ನು ಇಳಿಸುತ್ತದೆ. ಅಪ್‌ಲೋಡ್ ವೇಗವನ್ನೂ ಹೆಚ್ಚಿಸದು, ಶಾಶ್ವತ ಪ್ರತಿಯನ್ನೂ ಇಡದು.

ತಾಣ ಮುಚ್ಚಿದರೆ? ಐರೋಪ್ಯ ಒಕ್ಕೂಟದ ದತ್ತಾಂಶ ರಕ್ಷಣಾ ಮೇಲ್ವಿಚಾರಕರ ಕಚೇರಿ ಏಪ್ರಿಲ್ 2022ರಲ್ಲಿ ಪಿಯರ್‌ಟ್ಯೂಬ್ ಬಳಸಿ ‘ಇಯು ವಿಡಿಯೊ’ ತಾಣವನ್ನು ಪ್ರಾಯೋಗಿಕವಾಗಿ ಆರಂಭಿಸಿತ್ತು. ಮುಂದುವರಿಸುವ ಹೊಣೆ ಹೊರಲು ಬೇರೆ ಸಂಸ್ಥೆ ಸಿಗದೆ ಮೇ 2024ರಲ್ಲಿ ಅದು ನಿಂತಿತು. ಅಷ್ಟು ದೊಡ್ಡ ಒಕ್ಕೂಟದ ತಾಣವೇ ಎರಡು ವರ್ಷಕ್ಕೆ ಮುಚ್ಚುವುದಾದರೆ, ನಾಲ್ಕು ಜನ ಸೇರಿ ನಡೆಸುವ ತಾಣವನ್ನು ಶಾಶ್ವತ ಎಂದುಕೊಳ್ಳುವಂತಿಲ್ಲ.

ಆದ್ದರಿಂದ ಮೂಲ ಕಡತವನ್ನು ಅಳಿಸುವ ಮೊದಲು ಖಾತೆಯಿಂದ ಹೊರಬಂದು, ಬೇರೆ ಫೋನಿನಲ್ಲಿ ಕೊಂಡಿ ತೆರೆದು, ವಿಡಿಯೊವನ್ನು ಕೊನೆಯವರೆಗೂ ನೋಡಿ. ಅದು ಸರಿಯಿದ್ದರೂ ಒಂದು ಪ್ರತಿ ಹಾರ್ಡ್‌ಡಿಸ್ಕ್‌ನಲ್ಲಿ, ಇನ್ನೊಂದು ಪ್ರತಿ ಬೇರೆ ಊರಿನಲ್ಲಿರುವ ನಂಬಿಕಸ್ಥರ ಬಳಿ ಇರಲಿ. ವಿಡಿಯೊವನ್ನು ಇನ್ನೊಮ್ಮೆ ಅಪ್‌ಲೋಡ್ ಮಾಡಬಹುದು. ಹಿರಿಯರೊಬ್ಬರು ಹಾಡಿದ ಪದವನ್ನು ಇನ್ನೊಮ್ಮೆ ದಾಖಲಿಸುವ ಅವಕಾಶ ಸಿಗದೇ ಹೋಗಬಹುದು.