ಗ್ರಿಫಿತ್ಸ್, ಜೇಮ್ಸ್

1890-1975. ವೇಲ್ಸಿನ ಗಣಿ ಕಾರ್ಮಿಕ ನಾಯಕ, ಲೇಬರ್ ಪಕ್ಷದ ಸಂಸದ, ಬ್ರಿಟನ್ನಿನ ರಾಷ್ಟ್ರೀಯ ವಿಮಾ ಸಚಿವ, ವೇಲ್ಸ್ ಖಾತೆಯ ಮೊದಲ ಸಚಿವ. ಜಿಮ್ ಗ್ರಿಫಿತ್ಸ್ ಎಂದೇ ಪರಿಚಿತ. ಎರಡನೆಯ ಮಹಾಯುದ್ಧದ ಅನಂತರ ಬ್ರಿಟನ್ನಿನಲ್ಲಿ ರೂಪುಗೊಂಡ ಸಾಮಾಜಿಕ ಭದ್ರತಾ ವ್ಯವಸ್ಥೆಯ ಮುಖ್ಯ ಕಾನೂನುಗಳನ್ನು ಸಂಸತ್ತಿನಲ್ಲಿ ಮಂಡಿಸಿ ಜಾರಿಗೆ ತಂದವನು ಈತ. ರಾಷ್ಟ್ರೀಯ ಆರೋಗ್ಯ ಸೇವೆ ಮತ್ತು ರಾಷ್ಟ್ರೀಯ ವಿಮೆ ಎರಡೂ ಆರಂಭವಾದದ್ದು ಒಂದೇ ದಿನ, 1948ರ ಜುಲೈ 5ರಂದು. ಮೊದಲನೆಯದರ ಹೊಣೆ ಹೊತ್ತಿದ್ದ ಅನ್ಯೂರಿನ್ ಬೆವನ್ ಜಗತ್ಪ್ರಸಿದ್ಧನಾದ. ಎರಡನೆಯದನ್ನು ಹೊತ್ತ ಗ್ರಿಫಿತ್ಸನೂ ವೇಲ್ಸಿನ ಗಣಿಯಿಂದಲೇ ಬಂದವನಾದರೂ ಅವನ ಹೆಸರು ವೇಲ್ಸಿನ ಹೊರಗೆ ಅಷ್ಟಾಗಿ ಕೇಳಿಬರುವುದಿಲ್ಲ. ಆಸ್ಪತ್ರೆ ಕಣ್ಣಿಗೆ ಕಾಣುತ್ತದೆ, ವಿಮಾ ಕಾರ್ಡು ಜೇಬಿನಲ್ಲಿ ಉಳಿಯುತ್ತದೆ ಎಂಬುದೂ ಇದಕ್ಕೆ ಒಂದು ಕಾರಣವಿರಬಹುದು.

ಹುಟ್ಟಿದ್ದು 1890ರ ಸೆಪ್ಟೆಂಬರ್ 19ರಂದು, ಕಾರ್ಮಾರ್ಥನ್‌ಷೈರಿನ ಆಮನ್‌ಫರ್ಡ್ ಪಟ್ಟಣಕ್ಕೆ ತಾಗಿಕೊಂಡ ಬೆಟ್ಟುಸ್ ಎಂಬ ಹಳ್ಳಿಯಲ್ಲಿ. ಮನೆಮಾತು ವೆಲ್ಷ್. ತಂದೆ ಊರಿನ ಕಮ್ಮಾರ. ಅವನ ಕುಲುಮೆ ಧರ್ಮ, ರಾಜಕೀಯಗಳ ಚರ್ಚೆ ನಡೆಯುವ ಜಾಗವೂ ಆಗಿತ್ತು. ಅಣ್ಣ ಡೇವಿಡ್ ರೀಸ್ ಗ್ರಿಫಿತ್ಸ್ ಮುಂದೆ ಅಮನ್ವಿ ಎಂಬ ಕಾವ್ಯನಾಮದಿಂದ ವೆಲ್ಷ್ ಕವಿಯಾಗಿ ಹೆಸರಾದ. ಜೇಮ್ಸ್ 13ನೆಯ ವಯಸ್ಸಿಗೇ ಶಾಲೆ ಬಿಟ್ಟು ಗಣಿಗಿಳಿದ. 1908ರಲ್ಲಿ ಪಂಟಿಫಿನನ್ ಗಣಿಯಲ್ಲಿ ಸಂಭವಿಸಿದ ಸ್ಫೋಟದಲ್ಲಿ ಇನ್ನೊಬ್ಬ ಅಣ್ಣ ಗ್ವಿಲಿಮ್ ತೀರಿಕೊಂಡ. ದುಡಿಯುವ ಕೈ ಒಮ್ಮೆಗೇ ಇಲ್ಲವಾದರೆ ಮನೆಯ ಗತಿ ಏನು ಎಂಬ ಪ್ರಶ್ನೆಯನ್ನು ಈತ ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ.

1919ರಿಂದ 1921ರವರೆಗೆ ಲಂಡನ್ನಿನ ಸೆಂಟ್ರಲ್ ಲೇಬರ್ ಕಾಲೇಜಿನಲ್ಲಿ ಓದಿ, ಲನೆಲ್ಲಿ ಕ್ಷೇತ್ರದಲ್ಲಿ ಲೇಬರ್ ಪಕ್ಷದ ಏಜೆಂಟನಾಗಿ ದುಡಿದ. 1925ರಲ್ಲಿ ಪಶ್ಚಿಮ ವೇಲ್ಸಿನ ಆಂಥ್ರಸೈಟ್ ಕಲ್ಲಿದ್ದಲು ಪ್ರದೇಶದ ಗಣಿ ಕಾರ್ಮಿಕ ಸಂಘಕ್ಕೆ ಏಜೆಂಟನಾದ. ಇವನ ಮುಂದಿನ ರಾಜಕೀಯವನ್ನು ರೂಪಿಸಿದ್ದು 1936ರವರೆಗಿನ ಈ ಹನ್ನೊಂದು ವರ್ಷ. ಸಂಘದ ಏಜೆಂಟನ ಕೆಲಸವೆಂದರೆ ಬಹುಪಾಲು ಪರಿಹಾರದ ವ್ಯಾಜ್ಯಗಳೇ. 1897ರಿಂದ ಬಂದ ಕಾನೂನುಗಳಂತೆ ಗಾಯಗೊಂಡ ಕಾರ್ಮಿಕನಿಗೆ ಮಾಲೀಕನೇ ಪರಿಹಾರ ಕೊಡಬೇಕಿತ್ತು, ಕೊಡದಿದ್ದರೆ ನ್ಯಾಯಾಲಯ. ಅತ್ತ ಮಾಲೀಕನ ವಿಮಾ ಕಂಪನಿಯ ವಕೀಲರು, ಇತ್ತ ಕೂಲಿಯಿಲ್ಲದೆ ಕೂತ ಕುಟುಂಬ. ಎಷ್ಟೋ ಮಂದಿ ಕೈಗೆ ಬಂದ ಇಡಿಗಂಟಿಗೆ ಒಪ್ಪಿ ಹಕ್ಕನ್ನು ಬಿಟ್ಟುಕೊಡುತ್ತಿದ್ದರು. ಗಣಿಯ ದೂಳಿನಿಂದ ಶ್ವಾಸಕೋಶ ಗಟ್ಟಿಯಾಗಿ ಸಾಯುವವರ ಪಾಡು ಇನ್ನೂ ಕಷ್ಟ. ಆರಂಭದ ನಿಯಮಗಳ ಪ್ರಕಾರ ರೋಗಿ ತಾನು ಸಿಲಿಕಾ ಹೇರಳವಾಗಿದ್ದ ಕಲ್ಲನ್ನೇ ಕೊರೆದವನೆಂದು ಸಾಬೀತು ಮಾಡಬೇಕಿತ್ತು. ಬರೀ ಕಲ್ಲಿದ್ದಲಿನ ದೂಳು ಕುಡಿದವನಿಗೆ ರೋಗವಿದ್ದರೂ ಹಕ್ಕಿಲ್ಲ. ಆಂಥ್ರಸೈಟ್ ಪ್ರದೇಶದಲ್ಲೇ ಈ ಕಾಯಿಲೆ ಅತಿ ಹೆಚ್ಚು. ವೈದ್ಯಕೀಯ ಸಂಶೋಧನಾ ಮಂಡಲಿ ದಕ್ಷಿಣ ವೇಲ್ಸಿನ ಗಣಿಗಳಲ್ಲಿ ನಡೆಸಿದ ಸಮೀಕ್ಷೆ ಬಂದ ಮೇಲೆ, 1943ರಲ್ಲಿ, ನಿಯಮ ಸಡಿಲವಾಯಿತು.

1934ರಲ್ಲಿ ಈತ ದಕ್ಷಿಣ ವೇಲ್ಸ್ ಗಣಿ ಕಾರ್ಮಿಕರ ಒಕ್ಕೂಟದ ಅಧ್ಯಕ್ಷನಾದ. ನಿರುದ್ಯೋಗಿಗೆ ಸಹಾಯಧನ ಕೊಡುವ ಮುನ್ನ ಮನೆಮಂದಿಯೆಲ್ಲರ ಆದಾಯ ತಪಾಸಣೆ ನಡೆಯುತ್ತಿದ್ದ ಕಾಲ ಅದು. ಮಗನಿಗೋ ಮಗಳಿಗೋ ನಾಲ್ಕು ಕಾಸಿನ ಕೆಲಸ ಸಿಕ್ಕರೆ ಅಪ್ಪನ ಸಹಾಯಧನಕ್ಕೆ ಕತ್ತರಿ ಬೀಳುತ್ತಿತ್ತು. 1935ರ ಆರಂಭದಲ್ಲಿ ಹೊಸ ದರಗಳು ಜಾರಿಗೆ ಬಂದು ಕೈಗೆ ಬರುವ ಹಣ ಮತ್ತೂ ಇಳಿದಾಗ ದಕ್ಷಿಣ ವೇಲ್ಸಿನ ಕಣಿವೆಗಳಲ್ಲಿ ಲಕ್ಷಾಂತರ ಜನ ಬೀದಿಗಿಳಿದರು. ಮರ್ಥರ್ ಪಟ್ಟಣದಲ್ಲಿ ಹೆಂಗಸರು ಮುಂದಾಳಾಗಿ ನಿಂತ ಗುಂಪು ಸಹಾಯಧನದ ಕಚೇರಿಗೇ ನುಗ್ಗಿತು. ಸರ್ಕಾರ ಹೊಸ ದರಗಳನ್ನು ತಡೆಹಿಡಿಯಬೇಕಾಯಿತು.

ಮರುವರ್ಷ ಮಾರ್ಚಿನಲ್ಲಿ ಲನೆಲ್ಲಿ ಉಪಚುನಾವಣೆಯಲ್ಲಿ ಗೆದ್ದು ಗ್ರಿಫಿತ್ಸ್ ಸಂಸತ್ತಿಗೆ ಬಂದ. 1970ರವರೆಗೂ ಅದೇ ಕ್ಷೇತ್ರದ ಪ್ರತಿನಿಧಿ. ಇವನ ಸಂಸದೀಯ ಬದುಕಿನ ದೊಡ್ಡ ಘಟ್ಟ 1943ರ ಫೆಬ್ರವರಿಯ ಚರ್ಚೆ. ಹಿಂದಿನ ಡಿಸೆಂಬರಿನಲ್ಲಿ ಪ್ರಕಟವಾಗಿದ್ದ ಬೆವರಿಜ್ ವರದಿ ಹುಟ್ಟಿನಿಂದ ಸಾವಿನವರೆಗಿನ ವಿಮೆಯನ್ನು ಸೂಚಿಸಿತ್ತು. ಯುದ್ಧಕಾಲದ ಸಮ್ಮಿಶ್ರ ಸರ್ಕಾರ ಅದನ್ನು ಹೊಗಳಿತು, ಆದರೆ ಮಾತು ಕೊಡಲಿಲ್ಲ. ವರದಿಯನ್ನು ಬೇಗ ಜಾರಿ ಮಾಡಬೇಕೆಂಬ ತಿದ್ದುಪಡಿಯನ್ನು ಮಂಡಿಸಿದವನು ಗ್ರಿಫಿತ್ಸ್. ತನ್ನದೇ ಪಕ್ಷದ ನಾಯಕರು ಮಂತ್ರಿಗಳಾಗಿ ಕೂತಿದ್ದ ಸರ್ಕಾರದ ಎದುರು ಹಿಂದಿನ ಸಾಲಿನ ಸದಸ್ಯರು ಎದ್ದು ನಿಂತರು. ತಿದ್ದುಪಡಿಯ ಪರ 119 ಮತ, ವಿರುದ್ಧ 335. 1911ರಲ್ಲಿ ಮೊದಲ ವಿಮಾ ಕಾನೂನು ತಂದಿದ್ದ ವೃದ್ಧ ಲಾಯ್ಡ್ ಜಾರ್ಜ್ ಕೂಡ ಪರವಾಗಿಯೇ ಮತ ಹಾಕಿದ. ಮತದಾನದಲ್ಲಿ ಸೋತ ಈ ಬೇಡಿಕೆ ಎರಡು ವರ್ಷಗಳ ಮೇಲೆ ಲೇಬರ್ ಪಕ್ಷದ ಭಾರಿ ಗೆಲುವಿಗೆ ನೆರವಾಯಿತೆಂದು ಹಲವು ಇತಿಹಾಸಕಾರರು ಎಣಿಸುತ್ತಾರೆ.

1945ರಲ್ಲಿ ಹೊಸ ಪ್ರಧಾನಿ ಆಟ್ಲಿ ಇವನಿಗೇ ರಾಷ್ಟ್ರೀಯ ವಿಮಾ ಖಾತೆ ಕೊಟ್ಟ. ಮೊದಲು ಜಾರಿಗೆ ಬಂದದ್ದು ಮಕ್ಕಳ ಭತ್ಯೆ. ಅದರ ಕಾನೂನು ಹಿಂದಿನ ಸರ್ಕಾರದ ಅವಧಿಯಲ್ಲೇ ಆಗಿತ್ತು. ಸಂಸದೆ ಎಲಿನರ್ ರಾತ್‌ಬೋನಳ ದಶಕಗಳ ಹೋರಾಟದ ಫಲ. ಹಣ ತಂದೆಯ ಹೆಸರಿಗೆ ಹೋಗಬೇಕೆಂದಿದ್ದ ಕರಡನ್ನು ತಾಯಿಯ ಹೆಸರಿಗೆ ಬದಲಿಸಲಾಗಿತ್ತು. 1946ರ ಆಗಸ್ಟ್ 6ರಿಂದ ಮೊದಲ ಮಗುವನ್ನು ಬಿಟ್ಟು ಉಳಿದ ಪ್ರತಿ ಮಗುವಿಗೂ ವಾರಕ್ಕೆ 5 ಶಿಲಿಂಗ್ ಪೋಸ್ಟ್ ಆಫೀಸಿನಲ್ಲಿ ತಾಯಂದಿರ ಕೈಗೆ ಬರತೊಡಗಿತು. ಮುದುಕರ ಪಿಂಚಣಿಯ ವಿಷಯದಲ್ಲಿ ಗ್ರಿಫಿತ್ಸ್ ಬೆವರಿಜ್‌ಗಿಂತ ಒಂದು ಹೆಜ್ಜೆ ಮುಂದೆ ಹೋದ. ಪೂರ್ಣ ದರವನ್ನು 20 ವರ್ಷಗಳಲ್ಲಿ ಹಂತಹಂತವಾಗಿ ಮುಟ್ಟಬೇಕೆಂಬ ಸಲಹೆಯನ್ನು ಬದಿಗಿಟ್ಟು, 1946ರ ಅಕ್ಟೋಬರಿನಲ್ಲೇ 10 ಶಿಲಿಂಗಿನ ವಾರದ ಪಿಂಚಣಿಯನ್ನು 26ಕ್ಕೆ, ದಂಪತಿಗಳಿಗೆ 42ಕ್ಕೆ ಏರಿಸಿದ. ರಾಷ್ಟ್ರೀಯ ವಿಮೆಯಲ್ಲಿ ಕಾಯಿಲೆ, ನಿರುದ್ಯೋಗ, ವೈಧವ್ಯ, ಹೆರಿಗೆ, ಸಾವು ಎಲ್ಲಕ್ಕೂ ಒಂದೇ ಕಾರ್ಡು, ವಾರಕ್ಕೊಂದು ಸ್ಟಾಂಪು. ವಂತಿಗೆಯಲ್ಲಿ ಕಾರ್ಮಿಕ, ಮಾಲೀಕ, ಸರ್ಕಾರ ಮೂವರಿಗೂ ಪಾಲು. ಕೋಟ್ಯಂತರ ಜನರ ಲೆಕ್ಕವನ್ನಿಡಲು ನ್ಯೂಕಾಸಲ್ ಬಳಿ ಕೇಂದ್ರ ಕಚೇರಿಯೊಂದು ಎದ್ದಿತು.

ಇವನ ಸ್ವಂತ ಗುರುತು ಹೆಚ್ಚು ಕಾಣುವುದು 1946ರ ಕೈಗಾರಿಕಾ ಗಾಯಗಳ ಕಾನೂನಿನಲ್ಲಿ. ಹಳೆಯ ಕಾನೂನಿನಡಿ ಮಾಲೀಕನ ವಿರುದ್ಧ ಹೂಡಬೇಕಿದ್ದ ಪರಿಹಾರದ ವ್ಯಾಜ್ಯವನ್ನು ಅದು ತೆಗೆದುಹಾಕಿ ಪರಿಹಾರವನ್ನು ಸಾರ್ವಜನಿಕ ನಿಧಿಗೆ ಒಪ್ಪಿಸಿತು. ಕೆಲಸದ ವೇಳೆ ಆದ ಅಪಘಾತವನ್ನು, ವಿರುದ್ಧ ಸಾಕ್ಷ್ಯ ಇಲ್ಲದಿದ್ದರೆ, ಕೆಲಸದಿಂದಲೇ ಆದದ್ದೆಂದು ಭಾವಿಸಬೇಕೆಂದು ಅದರಲ್ಲಿ ಬರೆಯಲಾಯಿತು. ಸಾಬೀತಿನ ಭಾರ ಗಾಯಾಳುವಿನ ಹೆಗಲಿನಿಂದ ಇಳಿದದ್ದು ಈ ಒಂದು ಸಾಲಿನಿಂದ. ಪರಿಹಾರದ ಅಳತೆಗೋಲೂ ಬದಲಾಯಿತು: ಎಷ್ಟು ಕೂಲಿ ಹೋಯಿತು ಎಂಬುದಕ್ಕಿಂತ ದೇಹದ ಎಷ್ಟು ಶಕ್ತಿ ಹೋಯಿತು ಎಂಬುದು ಮುಖ್ಯವಾಯಿತು. ಪೂರ್ಣ ಅಂಗವೈಕಲ್ಯಕ್ಕೆ ವಾರಕ್ಕೆ 45 ಶಿಲಿಂಗ್. ಕೈ ಕಳೆದುಕೊಂಡ ಕೂಲಿಯವನಿಗೂ ಮೇಸ್ತ್ರಿಗೂ ಮೂಲ ದರ ಒಂದೇ.

ರಾಷ್ಟ್ರೀಯ ವಿಮಾ ಯೋಜನೆಯ ಕೊರತೆಗಳು ಬೇಗನೆ ಕಂಡವು. ದರಗಳು ಬೆಲೆ ಏರಿಕೆಗೆ ಕಟ್ಟಿಕೊಂಡಿರಲಿಲ್ಲ. ಐದು ವರ್ಷಕ್ಕೊಮ್ಮೆ ಪರಿಶೀಲನೆ ಮಾತ್ರ. ಹಾಗಾಗಿ ವಿಮೆಯ ಹಣ ಸಾಲದೆ ಆದಾಯ ತಪಾಸಣೆಯ ಸಹಾಯಧನಕ್ಕೆ ಬರುವವರ ಸಂಖ್ಯೆ, ಇಳಿಯಬೇಕಾದದ್ದು, ಏರುತ್ತಲೇ ಹೋಯಿತು. ಮದುವೆಯಾದ ಹೆಂಗಸನ್ನು ಗಂಡನ ಅವಲಂಬಿತೆಯಾಗಿ ಎಣಿಸಿದ್ದು ಮತ್ತೊಂದು ದೋಷ; ವಂತಿಗೆ ಕಟ್ಟದಿರುವ ಆಯ್ಕೆಯನ್ನು ನಂಬಿದ ಅನೇಕರಿಗೆ ಮುಪ್ಪಿನಲ್ಲಿ ಸ್ವಂತ ಪಿಂಚಣಿ ಇಲ್ಲವಾಯಿತು.

1950-51ರಲ್ಲಿ ವಸಾಹತು ಖಾತೆಯ ಸಚಿವನಾಗಿದ್ದ. 1956ರಲ್ಲಿ ಲೇಬರ್ ಪಕ್ಷದ ಉಪನಾಯಕ ಸ್ಥಾನಕ್ಕೆ ಬೆವನ್‌ನನ್ನೇ 141ಕ್ಕೆ 111 ಮತಗಳಿಂದ ಸೋಲಿಸಿದ. ಇಬ್ಬರ ನಡುವೆ ಇದ್ದ ನಿಜವಾದ ಭಿನ್ನಾಭಿಪ್ರಾಯ ವೇಲ್ಸಿನ ಬಗ್ಗೆ. ಕಾರ್ಮಿಕನ ಸಮಸ್ಯೆಗೆ ಗಡಿಯಿಲ್ಲ, ವೇಲ್ಸಿಗೆಂದೇ ಪ್ರತ್ಯೇಕ ಮಂತ್ರಿ ಬೇಡ ಎಂಬುದು ಬೆವನ್‌ನ ನಿಲುವು. ಗ್ರಿಫಿತ್ಸ್ ಅದಕ್ಕಾಗಿ ವರ್ಷಗಟ್ಟಲೆ ಪಟ್ಟುಹಿಡಿದ. 1959ರ ಪ್ರಣಾಳಿಕೆಯಲ್ಲಿ ಪಕ್ಷ ಅದನ್ನು ಒಪ್ಪಿತು. 1964ರ ಅಕ್ಟೋಬರಿನಲ್ಲಿ ಪ್ರಧಾನಿ ವಿಲ್ಸನ್ ವೇಲ್ಸ್ ಖಾತೆಯನ್ನು ಸೃಷ್ಟಿಸಿದಾಗ 74ರ ಗ್ರಿಫಿತ್ಸನೇ ಮೊದಲ ಸಚಿವ. ವಸತಿ, ರಸ್ತೆ, ಸ್ಥಳೀಯ ಆಡಳಿತ ಅದರ ವ್ಯಾಪ್ತಿಗೆ ಬಂದವು. ಆರೋಗ್ಯ, ಶಿಕ್ಷಣಗಳು ಮುಂದೆ ಒಂದೊಂದಾಗಿ ಸೇರಿದವು. ಮಧ್ಯ ವೇಲ್ಸಿನಲ್ಲಿ ಹೊಸ ಪಟ್ಟಣ ಕಟ್ಟಿ ವಲಸೆ ತಡೆಯಬೇಕೆಂಬ ಇವನ ಆಸೆ ಕೈಗೂಡಲಿಲ್ಲ. 1966ರಲ್ಲಿ ಸಂಪುಟ ಬಿಟ್ಟ. ಆ ವರ್ಷ ಪಕ್ಕದ ಕಾರ್ಮಾರ್ಥನ್ ಉಪಚುನಾವಣೆಯಲ್ಲಿ ವೆಲ್ಷ್ ರಾಷ್ಟ್ರೀಯವಾದಿ ಪಕ್ಷ ಪ್ಲೈಡ್ ಕಮ್ರಿ ಗೆದ್ದದ್ದರಿಂದ, ಆರೋಗ್ಯ ಕೆಟ್ಟಿದ್ದರೂ ಇನ್ನೊಂದು ಉಪಚುನಾವಣೆಗೆ ಎಡೆಯಾಗದಂತೆ ಲನೆಲ್ಲಿ ಸ್ಥಾನವನ್ನು ಬಿಡಲಿಲ್ಲ. ಆತ್ಮಕಥೆ 1969ರಲ್ಲಿ ಪ್ರಕಟವಾಯಿತು. 1975ರ ಆಗಸ್ಟ್ 7ರಂದು ನಿಧನನಾದ.

ಇವನು ಕಟ್ಟಿದ ರಾಷ್ಟ್ರೀಯ ವಿಮೆ, ವೇಲ್ಸ್ ಖಾತೆ ಎಂಬ ಎರಡು ಕಟ್ಟಡಗಳ ನಡುವಿನ ಎಳೆದಾಟ ಇಂದಿಗೂ ವೇಲ್ಸಿನ ರಾಜಕೀಯದಲ್ಲಿದೆ. ವೇಲ್ಸ್ ಖಾತೆಯ ದಾರಿ 1999ರಲ್ಲಿ ಕಾರ್ಡಿಫ್‌ನ ಶಾಸನಸಭೆಯವರೆಗೆ ಬಂತು. 2020ರಿಂದ ಅದಕ್ಕೆ ಸೆನೆಡ್ ಎಂಬ ಹೆಸರು. ಆಸ್ಪತ್ರೆ, ಶಾಲೆ, ವೃದ್ಧರ ಆರೈಕೆಗಳ ಬಗ್ಗೆ ಅಲ್ಲಿನ ಸದಸ್ಯರು ತಮ್ಮ ಮಂತ್ರಿಗಳನ್ನೇ ಪ್ರಶ್ನಿಸಬಹುದು. ಪಿಂಚಣಿ, ನಿರುದ್ಯೋಗ ಭತ್ಯೆ, ಗಣಿ ರೋಗದ ಪರಿಹಾರ ಮಾತ್ರ ಲಂಡನ್ನಿನ ಅಧಿಕಾರದಲ್ಲೇ ಉಳಿದಿವೆ. ಬಡ ಗಣಿ ಜಿಲ್ಲೆಗಳ ಹೊರೆಯನ್ನು ಇಡೀ ದೇಶ ಹಂಚಿಕೊಳ್ಳಬೇಕಾದರೆ ನಿಧಿ ಒಂದೇ ಇರಬೇಕು ಎಂಬ 1946ರ ತರ್ಕವನ್ನು ಮುಂದಿಟ್ಟು ಕೆಲವರು ಈ ಏರ್ಪಾಡನ್ನು ಸಮರ್ಥಿಸುತ್ತಾರೆ. ಭತ್ಯೆಗೆ ಕತ್ತರಿ ಬಿದ್ದಾಗಲೆಲ್ಲ ಅದರ ಪೆಟ್ಟು ತಮ್ಮ ಕೈಯಲ್ಲಿರುವ ಸೇವೆಗಳ ಮೇಲೆ ಬೀಳುತ್ತದೆ ಎಂಬುದು ಕಾರ್ಡಿಫ್‌ನಿಂದ ಮತ್ತೆ ಮತ್ತೆ ಕೇಳುವ ದೂರು.