ಶೋಫೇಟ್: ತೀರ್ಪು ಕೊಡುವವರು, ಪಡೆ ಕಟ್ಟುವವರು

ಕನ್ನಡ ಬೈಬಲ್‌ನಲ್ಲಿ ‘ನ್ಯಾಯಸ್ಥಾಪಕರು’ ಎಂಬ ಪುಸ್ತಕವಿದೆ. ಹೀಬ್ರೂವಿನಲ್ಲಿ ಅದು ‘ಶೋಫ್ತಿಮ್’, ಏಕವಚನ ‘ಶೋಫೇಟ್’. ಅದರ ಧಾತುವಿಗೆ ತೀರ್ಪು ಕೊಡು, ಆಳು ಎಂಬ ಎರಡೂ ಅರ್ಥಗಳಿವೆ. ಪ್ರಾಚೀನ ಕಾರ್ಥೇಜಿನ ಅಧಿಕಾರಿಗಳ ‘ಸುಫೆಟ್’ ಪದವಿ ಇದರದೇ ದಾಯಾದಿ. ಕನ್ನಡದ ಹೆಸರು ಕೇಳಿದವರಿಗೆ ಕೋರ್ಟು, ಕಟಕಟೆ ನೆನಪಾದೀತು. ಪುಟ ತೆರೆದರೆ ಸಿಗುವುದು ಹೆಚ್ಚಾಗಿ ಯುದ್ಧ. ಇಸ್ರಾಯೇಲ್ಯರ ನಾಯಕ ಯೆಹೋಶುವನ ಬಳಿಕ ಅರಸರಿಲ್ಲದ ಕಾಲದಲ್ಲಿ, ಆಪತ್ತು ಬಂದಾಗ ಎದ್ದು ನಿಂತ ನಾಯಕರೇ ಈ ನ್ಯಾಯಸ್ಥಾಪಕರು. ನಮ್ಮನ್ನು ಆಳೆಂದು ಜನ ಕೇಳಿಕೊಂಡರೂ ಅವರಲ್ಲೊಬ್ಬನಾದ ಗಿದ್ಯೋನ ಒಪ್ಪಲಿಲ್ಲ, ಆಳುವವನು ದೇವರೆಂದ. ಯೆಹೂದ್ಯರು ಈ ಪುಸ್ತಕವನ್ನು ಇಟ್ಟಿರುವುದೂ ‘ನೆವಿಯೀಮ್’, ಅಂದರೆ ಪ್ರವಾದಿಗಳ ಭಾಗದಲ್ಲಿ.

ಇವರಲ್ಲಿ ನಿಜಕ್ಕೂ ವ್ಯಾಜ್ಯ ಕೇಳುತ್ತಾ ಕೂತಂತೆ ಕಾಣುವವಳು ದೆಬೋರಳೊಬ್ಬಳೇ. ಅವಳದು ಖರ್ಜೂರದ ಮರದಡಿ, ನಮ್ಮ ಅರಳಿಕಟ್ಟೆ ಪಂಚಾಯ್ತಿಯ ಹಾಗೆ. ಅವಳ ಸೇನಾಪತಿ ಬಾರಾಕನೋ, ಅವಳು ಜೊತೆಗೆ ಬಾರದಿದ್ದರೆ ಯುದ್ಧಕ್ಕೇ ಹೊರಡೆನೆಂದ! ಶತ್ರು ಸೇನಾಪತಿ ಸೀಸೆರನ ರಥಗಳು ಸೋತದ್ದು ಕೀಷೋನ್ ಹೊಳೆಯ ಬಳಿ. ಆ ಹೊಳೆ ಸಮುದ್ರ ಸೇರುವ ಹೈಫಾವನ್ನು 1918ರ ಸೆಪ್ಟೆಂಬರ್ 23ರಂದು ಗೆದ್ದವರಲ್ಲಿ ಜೋಧಪುರದವರೊಡನೆ ಮೈಸೂರು ಲ್ಯಾನ್ಸರ್ಸ್ ಕುದುರೆಪಡೆಯೂ ಇತ್ತು. ನಮ್ಮವರ ಒಂದು ತುಕಡಿ ಕಾರ್ಮೆಲ್ ಬೆಟ್ಟ ಹತ್ತಿ ದಾಳಿಯಿಟ್ಟಿತು. ಆ ಪಡೆಯ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ.